ಶ್ರುತಿ ತಪ್ಪಿದರೂ ಚಪ್ಪಾಳೆ

ಹೋದ ಏಪ್ರಿಲ್‌ನಲ್ಲಿ ಸಾಗರದಲ್ಲಿ ಚಿಕ್ಕಪ್ಪನ ಮಗನ ಮನೆ ಗೃಹಪ್ರವೇಶ. ಹೋಮ ಮುಗಿದಿತ್ತು, ಊಟಕ್ಕೆ ಇನ್ನೂ ಹೊತ್ತಿತ್ತು. ಹುಡುಗರು ಸ್ಪೀಕರ್‌ಗೆ ಮೊಬೈಲ್ ಸಿಕ್ಕಿಸಿ ಕರೋಕೆ ಟ್ರ್ಯಾಕ್ ಹಾಕಿದ್ದರು. ಮೈಕು ಕೈಯಿಂದ ಕೈಗೆ ದಾಟುತ್ತಾ ನನ್ನ ಹತ್ತಿರ ಬಂತು. ಒಂಬತ್ತು ವರ್ಷ ಜಪಾನಿನಲ್ಲಿ ಇದ್ದವನಿಗೆ ಮೈಕು ಕಂಡರೆ ಎಂಥ ನಾಚಿಕೆ? ‘ಬಂಗಾರದ ಮನುಷ್ಯ’ದ ‘ಆಗದು ಎಂದು’ ಶುರು ಮಾಡಿದೆ. ಪಲ್ಲವಿ ಮುಗಿಸಿ ಚರಣಕ್ಕೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ದೊಡ್ಡಪ್ಪ ಎದ್ದು ಬಂದು ಮೈಕಿನ ಮೇಲೆ ಕೈಯಿಟ್ಟರು. “ಸಾಕು ಮಾರಾಯ. ಎಲೆ ಹಾಕ್ತಿದಾರೆ.”

ಎಲೆ ಹಾಕಿರಲಿಲ್ಲ. ಮುಂದಿನ ಅರ್ಧ ಗಂಟೆ ಅತ್ತೆಯ ಮಗಳು ಹಾಡಿದಳು. ಅವಳು ಸಂಗೀತದ ಸೀನಿಯರ್ ಪರೀಕ್ಷೆ ಪಾಸಾದವಳು.

ನಾನಿರೋದು ಜಪಾನಿನ ಕೋಬೆಯಲ್ಲಿ. ಕರೋಕೆ ನಮ್ಮಲ್ಲೇ ಹುಟ್ಟಿದ್ದು ಅಂತ ಇಲ್ಲಿಯವರು ಹೆಮ್ಮೆ ಪಡುತ್ತಾರೆ. (ಟೋಕಿಯೋದಲ್ಲಿ 1967ರಲ್ಲೇ ಒಬ್ಬರು ಇಂಥದ್ದೊಂದು ಪೆಟ್ಟಿಗೆ ಮಾಡಿದ್ದರು ಅನ್ನೋ ತಕರಾರೂ ಇದೆ. ಆ ಜಗಳ ನಮಗೆ ಬೇಡ.) ಕೋಬೆಯ ಕಥೆ ಹೀಗಿದೆ. ದೈಸುಕೆ ಇನೋಯೆ ಅನ್ನುವವರು ಇಲ್ಲಿನ ಬಾರ್‌ಗಳಲ್ಲಿ ಗಿರಾಕಿಗಳ ಹಾಡಿಗೆ ಪಕ್ಕವಾದ್ಯ ನುಡಿಸುತ್ತಿದ್ದರು. ಒಬ್ಬ ಕಂಪನಿ ಯಜಮಾನನಿಗೆ ಇವರೇ ನುಡಿಸಬೇಕು. ಯಾಕೆಂದರೆ ಆತ ಹಾಡೋದು ಅಷ್ಟಕ್ಕಷ್ಟೆ, ಅವನು ಎಲ್ಲಿ ಎಡವುತ್ತಾನೆ ಅಂತ ಇವರಿಗೆ ಗೊತ್ತಿತ್ತು. ಒಮ್ಮೆ ಆತ ಬಿಸಿನೀರಿನ ಬುಗ್ಗೆಯ ಊರಿಗೆ ಟೂರ್ ಹೊರಟ. ಇನೋಯೆಗೆ ಜೊತೆಗೆ ಹೋಗಲು ಆಗಲಿಲ್ಲ. ಬರೀ ವಾದ್ಯವನ್ನು ಟೇಪಿನಲ್ಲಿ ತುಂಬಿಸಿ ಕೊಟ್ಟರು. 1971ರಲ್ಲಿ ಅದೇ ಉಪಾಯದಿಂದ ಯಂತ್ರ ಮಾಡಿ ಬಾರ್‌ಗಳಿಗೆ ಬಾಡಿಗೆಗೆ ಬಿಟ್ಟರು. ಪೇಟೆಂಟ್ ಮಾಡಿಸಲೇ ಇಲ್ಲ. 2004ರಲ್ಲಿ ಅವರಿಗೆ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳೋಕೆ ಹೊಸ ದಾರಿ ತೋರಿಸಿದರು ಅನ್ನೋದು ಕಾರಣ. ತಮಾಷೆಯ ಪ್ರಶಸ್ತಿ, ನಿಜ. ಆದರೆ ನೋಡಿ, ಈ ಯಂತ್ರ ಹುಟ್ಟಿದ್ದೇ ಶ್ರುತಿ ನಿಲ್ಲದವನಿಗಾಗಿ.

ಡಿಸೆಂಬರ್ ಬಂದರೆ ಇಲ್ಲಿ ಎಷ್ಟೋ ಆಫೀಸುಗಳಲ್ಲಿ ಬೋನೆನ್‌ಕಾಯ್, ಅಂದರೆ ಹಳೇ ವರ್ಷವನ್ನು ಮರೆಯುವ ಕೂಟ. ಊಟ ಆದ ಮೇಲೆ ಎರಡನೇ ಸುತ್ತು ಕರೋಕೆ. ಕೋಬೆಯ ಪೇಟೆ ಸನ್ನೊಮಿಯಾದ ಯಾವುದೋ ಕಟ್ಟಡದ ಐದನೇ ಮಹಡಿ, ನಮ್ಮ ದೇವರ ಕೋಣೆಗಿಂತ ಸ್ವಲ್ಪ ದೊಡ್ಡ ರೂಮು, ಅದರಲ್ಲಿ ಒಂಬತ್ತು ಜನ, ಎರಡು ತಂಬೂರಿನ್, ಅಂದರೆ ಕೈಯಲ್ಲಿ ಬಡಿಯುವ ಗಿಲಕಿ ದಮ್ಮಡಿ.

ನಮ್ಮ ಕಚೋ, ಅಂದರೆ ಸೆಕ್ಷನ್ ಹೆಡ್, ಅರವತ್ತರ ಹತ್ತಿರದವರು. ಹುಟ್ಟೂರು ಉತ್ತರದ ಹಕೋದಾತೆ. ಅವರದ್ದು ವರ್ಷ ವರ್ಷವೂ ಒಂದೇ ಹಾಡು, ಸಯುರಿ ಇಶಿಕವಾ 1977ರಲ್ಲಿ ಹಾಡಿದ ‘ತ್ಸುಗರು ಕೈಕ್ಯೋ ಫುಯುಗೆಶಿಕಿ’. ಟೋಕಿಯೋದ ಉಎನೋ ಸ್ಟೇಷನ್ನಿನಿಂದ ರಾತ್ರಿ ರೈಲು ಹಿಡಿದು ಒಬ್ಬಳು ಹಿಮದ ಅಒಮೊರಿಯಲ್ಲಿ ಇಳಿಯುತ್ತಾಳೆ. ಉತ್ತರಕ್ಕೆ ಹೋಗುವ ಜನ ಯಾರೂ ಮಾತಾಡುವುದಿಲ್ಲ. ಒಬ್ಬಳೇ ಹಕೋದಾತೆಗೆ ಹೋಗುವ ಹಡಗು ಹತ್ತುತ್ತಾಳೆ. ಇಷ್ಟೇ ಕಥೆ. ಇದು ಎನ್ಕಾ, ಜಪಾನಿನ ಹಳೇ ಧಾಟಿಯ ಭಾವಗೀತೆಯ ಶೈಲಿ. ಸ್ವರವನ್ನು ತಿರುಚಿ ಕುಣಿಸೋದಕ್ಕೆ ಕೊಬುಶಿ ಅಂತಾರೆ, ನಮ್ಮ ಗಮಕದ ಅಣ್ಣತಮ್ಮ. ಪರದೆಯ ಮೇಲೆ ಯಂತ್ರ ಅದನ್ನೂ ಲೆಕ್ಕ ಹಾಕುತ್ತಾ ಇರುತ್ತದೆ.

ಕಚೋ ಕಣ್ಣು ಮುಚ್ಚಿ ಹಾಡುತ್ತಾರೆ. ಟೈ ಸಡಿಲ, ಎಡಗೈ ಮುಷ್ಟಿ. ಹಡಗು ಹತ್ತುವ ಜಾಗಕ್ಕೆ ಬಂದಾಗ ದನಿ ಒಂದು ಕಡೆ, ವಾದ್ಯ ಒಂದು ಕಡೆ. ಪರದೆಯ ಮೇಲಿನ ಶ್ರುತಿಗೆರೆ ಮೇಲಿದ್ದರೆ ಇವರು ಕೆಳಗೆ. ನಾನು ಮೊದಲ ಸಲ ಕೇಳಿದಾಗ ನಗು ತಡೆಯೋಕೆ ಕೆನ್ನೆ ಕಚ್ಚಿಕೊಂಡಿದ್ದೆ. ಸುತ್ತ ನೋಡಿದರೆ ಯಾರೂ ನಗುತ್ತಿಲ್ಲ. ಒಬ್ಬ ತಂಬೂರಿನ್ ಬಡಿಯುತ್ತಿದ್ದ, ಅದೂ ತಾಳ ಬಿಟ್ಟು. ಅಂಕ ಬಂತು: ನೂರಕ್ಕೆ 71.264. ಎಲ್ಲರೂ ಹೋ ಅಂತ ಚಪ್ಪಾಳೆ ಹೊಡೆದರು. ಕಚೋ ಬೆವರು ಒರೆಸಿಕೊಂಡು ಹೇಳಿದರು, “ನಾನು ಊರು ಬಿಟ್ಟಾಗ ಇನ್ನೂ ಆ ಹಡಗು ಇತ್ತು.” 1988ರಲ್ಲಿ ಸಮುದ್ರದ ಕೆಳಗೆ ಸೇಕನ್ ಸುರಂಗ ತೆರೆಯಿತು, ರೈಲಿನವರ ಹಡಗು ನಿಂತಿತು. ಹಾಡಲ್ಲಿ ಇನ್ನೂ ಓಡುತ್ತಿದೆ.

ನನ್ನ ಸರದಿಗೆ ‘ಉಎ ಓ ಮುಯಿತೆ ಅರುಕೋ’. ಕ್ಯು ಸಕಮೋತೊ 1961ರಲ್ಲಿ ಹಾಡಿದ್ದು. ಕಣ್ಣೀರು ಕೆಳಗೆ ಬೀಳದಿರಲಿ ಅಂತ ಆಕಾಶ ನೋಡುತ್ತಾ ನಡೆಯೋಣ ಅನ್ನೋ ಹಾಡು. 1963ರಲ್ಲಿ ಇದು ‘ಸುಕಿಯಾಕಿ’ ಅಂತ ಒಂದು ಅಡುಗೆಯ ಹೆಸರು ಹೊತ್ತು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹೊರಗಿನವರಿಗೆ ಸುಲಭ. ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರದ ತಲೆ ಮೇಲೆ ಪುಟ್ಟದಾಗಿ ಉಚ್ಚಾರ ತೋರಿಸುವ ಹಿರಗಾನಾ ಬರುತ್ತೆ, ಓದಿಕೊಂಡು ಹೋದರಾಯಿತು. ಕಷ್ಟ ಇರೋದು ನಡುವೆ ಬರುವ ಸಿಳ್ಳೆಯಲ್ಲಿ. ನನಗೆ ಬರೀ ಗಾಳಿ ಬಂತು. ಅದಕ್ಕೂ ಚಪ್ಪಾಳೆ.

ನಮ್ಮಲ್ಲಿ? ಅರಿಶಿನ ಕುಂಕುಮಕ್ಕೆ ಹೋದವರನ್ನು “ಒಂದು ಹಾಡು ಹೇಳ್ರೀ” ಅಂತ ಅರ್ಧ ಗಂಟೆ ಗೋಗರೆಯುತ್ತೇವೆ. ಅವರು ಗಂಟಲು ಕೆಟ್ಟಿದೆ ಅನ್ನುತ್ತಾರೆ. ಕೊನೆಗೆ ಹೇಳಿದರೆ, ಮನೆಗೆ ಬಂದು “ಮೇಲಿನ ಷಡ್ಜ ಮುಟ್ಟಲೇ ಇಲ್ಲ” ಅನ್ನುತ್ತೇವೆ. ಮಗು ಎರಡು ಸಾಲು ಗುನುಗಿದರೆ ಸಾಕು, ಸಂಗೀತಕ್ಕೆ ಸೇರಿಸಿದ್ದೀರಾ ಅನ್ನೋ ಪ್ರಶ್ನೆ. ಟೀವಿಯಲ್ಲಿ ಆರು ವರ್ಷದ ಕೂಸಿಗೂ ಮೂರು ಜನ ತೀರ್ಪುಗಾರರು. ‘ಹಾಡು ಹೇಳು’ ಅಂತೀವಲ್ಲ, ಎಷ್ಟು ಚೆಂದದ ಮಾತು! ಹೇಳೋದಕ್ಕೆ ಶ್ರುತಿ ಯಾಕೆ ಬೇಕು? ಸೀನಿಯರ್ ಪಾಸಾಗದ ನಮ್ಮಂಥವರಿಗೆ ಬಚ್ಚಲುಮನೆಯೇ ಗತಿ.

ಸರಿ, ಪೂರ್ತಿ ಹೇಳಿಬಿಡುತ್ತೇನೆ. ಕಚೋ ಹಾಡುವಾಗ ಯಾರೂ ನಗಲಿಲ್ಲ ಅಂದೆನಲ್ಲ, ಯಾರೂ ಕೇಳಿಸಿಕೊಳ್ಳಲೂ ಇಲ್ಲ. ನಾಲ್ಕು ಜನ ಟ್ಯಾಬ್ಲೆಟ್ ಮೇಲೆ ಬಗ್ಗಿ ತಮ್ಮ ಮುಂದಿನ ಹಾಡು ಹುಡುಕುತ್ತಿದ್ದರು. ಹಾಡು ಮುಗಿದ ಸದ್ದಿಗೆ ಕೈ ತಾನಾಗಿ ಚಪ್ಪಾಳೆ ಹೊಡೆಯುತ್ತೆ. ಮೇಲಾಗಿ ಅವರು ಕಚೋ, ಹೊಡೆಯದೆ ಇರೋಕಾಗುತ್ತಾ? ಗೋಡೆಗೆ ನೇತುಹಾಕಿದ ಫೋನು ರಿಂಗಾಗುತ್ತೆ, ರೂಮಿನ ಬಾಡಿಗೆ ಹೊತ್ತು ಮುಗಿಯೋಕೆ ಇನ್ನು ಹತ್ತು ನಿಮಿಷ ಅಂತ. ಹಾಡು ಅರ್ಧಕ್ಕೆ ನಿಂತರೂ ಬಿಲ್ಲು ತಲೆಗಿಷ್ಟು. ಮಾರನೇ ದಿನ ಆಫೀಸಿನಲ್ಲಿ ಯಾರೂ ಗುನುಗುವುದೂ ಇಲ್ಲ. ನಮ್ಮಜ್ಜಿ ದೋಸೆ ಹಿಟ್ಟು ರುಬ್ಬುತ್ತಾ ಹೇಳುತ್ತಿದ್ದ ಹಾಡಿಗೆ ಗಂಟೆ ಲೆಕ್ಕ ಇರಲಿಲ್ಲ. ದೊಡ್ಡಪ್ಪ ನನ್ನ ಪಲ್ಲವಿಯನ್ನು ಪೂರ್ತಿ ಕೇಳಿದ್ದರು. ಅದಕ್ಕೇ ತಡೆಯಲಾಗದೆ ಎದ್ದು ಬಂದಿದ್ದು, ಇರಲಿ.

ಆ ರಾತ್ರಿ ಕೊನೆಗೆ ಹಾಡಿದ್ದು ನಮ್ಮ ಸೆಕ್ಷನ್ನಿನ ಇಪ್ಪತ್ತೈದರ ಹುಡುಗಿ. ಹಿರೋಮಿ ಓತಾ 1975ರಲ್ಲಿ ಹಾಡಿದ ‘ಮೊಮೆನ್ ನೊ ಹಂಕಚೀಫು’, ಹತ್ತಿಯ ಕರವಸ್ತ್ರ. ಹುಡುಗಿ ಹುಟ್ಟುವ ಎಷ್ಟೋ ವರ್ಷ ಮುಂಚಿನ ಹಾಡು. ಹುಡುಗ ಪೂರ್ವದ ಕಡೆ ಹೋಗುವ ರೈಲು ಹತ್ತುತ್ತಾನೆ. ನಿನಗೊಂದು ಉಡುಗೊರೆ ಹುಡುಕುತ್ತೇನೆ ಅನ್ನುತ್ತಾನೆ. ಏನೂ ಬೇಡ, ನೀನು ಬದಲಾಗಬೇಡ ಅನ್ನುತ್ತಾಳೆ. ಅವನು ಉಂಗುರ ಕಳಿಸುತ್ತಾನೆ, ಸೂಟು ಹಾಕಿದ ಫೋಟೋ ಕಳಿಸುತ್ತಾನೆ. ನಾಲ್ಕನೇ ಚರಣದಲ್ಲಿ ಇನ್ನು ಬರಲಾರೆ ಅನ್ನುತ್ತಾನೆ. ಆಗ ಅವಳು ಮೊದಲ ಸಲ ಏನಾದರೂ ಕೇಳುತ್ತಾಳೆ, ಕಣ್ಣೊರೆಸಿಕೊಳ್ಳೋಕೆ ಒಂದು ಕರವಸ್ತ್ರ. ಕುಣಿಯುವ ಹಾಗಿರುವ ರಾಗ, ಅದಕ್ಕೇ ಜಾಸ್ತಿ ಚುಚ್ಚುತ್ತೆ. ನಾನೂ ಪೂರ್ವಕ್ಕೇ ಬಂದವನು.

ಮಾರನೇ ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ಏನು ತರಲಿ ಅಂದರೆ ಎಂದಿನ ಹಾಗೆ, “ಎಂತದೂ ಬೇಡ, ನೀ ಬಾ.” ಈ ಹಾಡಿನ ಕಥೆ ಹೇಳಿದೆ. “ಹೇಳು, ಕೇಳುವ” ಅಂದರು. ಅಡುಗೆಮನೆಯಲ್ಲಿ ನಿಂತು ಮೊದಲ ಚರಣ ಹೇಳಿದೆ. ಆ ಕಡೆಯಿಂದ ಮಿಕ್ಸಿ ನಿಂತಿತು. ಪೂರ್ತಿ ಕೇಳಿದರು. ಒಂದು ಅಕ್ಷರವೂ ಅರ್ಥವಾಗಿರಲಿಕ್ಕಿಲ್ಲ.

“ಮೂರನೇ ಸಾಲಲ್ಲಿ ಶ್ರುತಿ ಇಳೀತು” ಅಂದರು. “ಇನ್ನೊಂದು ಸಲ ಹೇಳು.”