ಹಳೆ ಸ್ಪೀಕರಿಗೆ ಅದರದೇ ದನಿ ಸಾಕು

ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಈಗಲೂ ಗಲ್ಫ್ ಸೆಟ್ ಸಿಗುತ್ತದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ದುಬೈ, ಶಾರ್ಜಾ ಕಡೆ ದುಡಿದವರು ತಂದ ಜಪಾನಿನ ಸ್ಟೀರಿಯೋಗಳು ಅವು. ಕ್ಯಾಸೆಟ್ ಡೆಕ್ ಕೆಟ್ಟು ವರ್ಷಗಳಾದರೂ ಮರದ ಸ್ಪೀಕರ್ ಬಾಕ್ಸನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ನಾನು ಶಿವಮೊಗ್ಗದವನು, ಕೆಲಸದ ಮೇಲೆ ಬಂದು ಇಲ್ಲೇ ನೆಲೆಸಿದವನು. ಹಳೆ ಸ್ಪೀಕರ್ ರಿಪೇರಿಯಲ್ಲಿ ನನ್ನ ಬೆಂಗಳೂರು ಗೆಳೆಯರ ದಾರಿಗಿಂತ ಇಲ್ಲಿನವರ ದಾರಿಯೇ ನನಗೆ ಹಿಡಿಸಿದೆ. ಆದರೆ ಒಂದು ತಕರಾರು ಇದೆ.

ಬೆಂಗಳೂರಿನ ಗೆಳೆಯರು ಬಾಕ್ಸ್ ಬಿಚ್ಚಿದರೆ, ದಪ್ಪ ದನಿ, ತೆಳು ದನಿಗಳನ್ನು ಬೇರೆಬೇರೆ ಸ್ಪೀಕರಿಗೆ ಹಂಚುವ ಕ್ರಾಸ್‌ಓವರನ್ನು ಪೂರ್ತಿ ಕಿತ್ತು ಹೊಸದು ಕೂರಿಸುತ್ತಾರೆ. ಕಾಯಿಲ್ ಕೂಡ ಬಿಡುವುದಿಲ್ಲ. ಸುತ್ತಿದ ತಾಮ್ರದ ತಂತಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ, ಸುಮ್ನೆ ಯಾಕೆ ಮುಟ್ಟಬೇಕು? ಹೊಸ ಕಾಯಿಲಿನ ತಂತಿ ದಪ್ಪ ಇದ್ದರೆ ಅದರ ರೆಸಿಸ್ಟೆನ್ಸ್ ಇಳಿದು ದಪ್ಪ ದನಿಯ ಸ್ಪೀಕರಾದ ವೂಫರಿನ ದನಿಯೇ ಬೇರೆಯಾಗಬಹುದು.

ವಯಸ್ಸಾದಂತೆ ಕೆಡುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ತೆಳು ದನಿಯ ಸಣ್ಣ ಸ್ಪೀಕರಾದ ಟ್ವೀಟರಿನ ಹಿಂದೆ ಬೆರಳಿನ ತುದಿಯಷ್ಟು ದಪ್ಪದ್ದು, ಮೇಲೆ ‘ಬಿ.ಪಿ.’ ಅಥವಾ ‘ಎನ್.ಪಿ.’ ಎಂದು, ಅಂದರೆ ಪ್ಲಸ್-ಮೈನಸ್ ಭೇದ ಇಲ್ಲದ್ದು ಎಂದು, ಬರೆದಿರುತ್ತದೆ. ಒಳಗಿನ ದ್ರವ ಒಣಗಿದರೆ ಅದರ ರೆಸಿಸ್ಟೆನ್ಸ್ ಏರುತ್ತದೆ, ವ್ಯಾಲ್ಯೂ ಜಾರುತ್ತದೆ. 8 ಓಮ್ ಟ್ವೀಟರಿಗೆ 4 ಮೈಕ್ರೋಫ್ಯಾರಡ್ ವ್ಯಾಲ್ಯೂ ಇರುವ ಕೆಪಾಸಿಟರ್ ಇದ್ದರೆ ಸುಮಾರು 5,000 ಹರ್ಟ್ಜ್‌ನಿಂದ ಮೇಲಿನ ದನಿ ದಾಟುತ್ತದೆ. ಅದು 2ಕ್ಕೆ ಇಳಿದರೆ ಗಡಿ 10,000ಕ್ಕೆ ಏರುತ್ತದೆ. ಯಕ್ಷಗಾನದ ಕ್ಯಾಸೆಟ್ ಹಾಕಿ ನೋಡಿ. ಭಾಗವತರ ಪದ ಕೇಳುತ್ತದೆ, ಚಕ್ರತಾಳದ ಹೊಳಪು ಮಾತ್ರ ಮಾಯ.

ಹಳೆ ಬಸ್‌ಸ್ಟ್ಯಾಂಡ್ ಕಡೆಯ ಮೆಕ್ಯಾನಿಕ್ ಒಬ್ಬರು ಕೆಪಾಸಿಟರಿನ ಒಂದು ಕಾಲು ಬಿಡಿಸಿ, ಮೀಟರ್ ಹಿಡಿದು, “ಕಂಡೆನ್ಸರ್ ಮಾತ್ರ ಹೋದ್ದು ಸಾರ್, ಬಾಕಿ ಎಲ್ಲ ಒಳ್ಳೇದುಂಟು” ಎಂದರು. ಕೆಪಾಸಿಟರಿಗೇ ಅವರು ಕಂಡೆನ್ಸರ್ ಅನ್ನುವುದು. ಈ ತಾಳ್ಮೆ ನನಗೆ ಬಹಳ ಇಷ್ಟ. ನನ್ನ ತಕರಾರು ಇರುವುದು ಅದರ ಮುಂದಿನ ಹೆಜ್ಜೆಗೆ. ಎನ್.ಪಿ. ಸಿಗದಿದ್ದರೆ ಇಲ್ಲಿ ಕೆಲವರು ಪ್ಲಸ್-ಮೈನಸ್ ಇರುವ ಮಾಮೂಲಿ ಕೆಪಾಸಿಟರ್ ಹಾಕಿಬಿಡುತ್ತಾರೆ. ಸ್ಪೀಕರಿಗೆ ಬರುವುದು ಎ.ಸಿ. ಸಿಗ್ನಲ್, ಅಂದರೆ ಪ್ಲಸ್-ಮೈನಸ್ ಅದಲುಬದಲಾಗುತ್ತಲೇ ಇರುವಂಥದ್ದು. ಅಲ್ಲಿ ಅದನ್ನು ಹಾಕಲೇಬಾರದು. ತುರ್ತಿಗೆ 10 ಮೈಕ್ರೋಫ್ಯಾರಡಿನ ಎರಡು ಮಾಮೂಲಿ ಕೆಪಾಸಿಟರನ್ನು ಮೈನಸ್‌ಗೆ ಮೈನಸ್ ಸೇರಿಸಿದರೆ 5 ಸಿಗುತ್ತದೆ, ಅದು ತಾತ್ಕಾಲಿಕ ಅಷ್ಟೇ. ಇನ್ನೊಂದು ತಪ್ಪು, ಕೆಟ್ಟ ಬಾಕ್ಸಿಗೆ ಮಾತ್ರ ಹೊಸದು ಹಾಕುವುದು. ಎರಡಕ್ಕೂ ಒಟ್ಟಿಗೇ ಹಾಕಬೇಕು, ಇಲ್ಲದಿದ್ದರೆ ಎಡ-ಬಲ ಸರಿಹೊಂದುವುದಿಲ್ಲ.

ಅಪ್‌ಗ್ರೇಡ್ ಅಂತ ಮಾಡುವುದಾದರೆ ಟ್ವೀಟರಿಗೆ ಪಾಲಿಪ್ರೊಪಿಲೀನ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆಯ) ಕೆಪಾಸಿಟರ್ ಹಾಕಿ. ಅದರಲ್ಲಿ ಒಣಗುವ ದ್ರವವೇ ಇಲ್ಲ. ವ್ಯಾಲ್ಯೂ ಮಾತ್ರ ಮೊದಲಿನದೇ ಇರಲಿ. 4 ಸಿಗದಿದ್ದರೆ 2.2 ಮತ್ತು 1.8 ಪ್ಯಾರಲಲ್ ಆಗಿ ಸೇರಿಸಿ. ದನಿ ಜಾಸ್ತಿ ಚುಚ್ಚಿದರೆ ಸೀರೀಸಿನಲ್ಲಿ ಅರ್ಧ ಓಮ್ ರೆಸಿಸ್ಟರ್ ಸಾಕು. ಫಿಲ್ಮ್ ಕೆಪಾಸಿಟರಿನ ಗಾತ್ರ ದೊಡ್ಡದು, ಅಲುಗದಂತೆ ಟೈ ಹಾಕಿ ಬಿಗಿಯಿರಿ. 47ರಂಥ ದೊಡ್ಡ ವ್ಯಾಲ್ಯೂಗೆ ಹೊಸ ಎನ್.ಪಿ. ಎಲೆಕ್ಟ್ರೋಲಿಟಿಕ್ಕೇ ಸಾಕು, ಫಿಲ್ಮ್ ತುಂಬ ದುಬಾರಿ.

ಇಲ್ಲಿನ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. 2.2, 3.3, 4.7ರ ಎನ್.ಪಿ. ಕೆಪಾಸಿಟರುಗಳನ್ನಾದರೂ ಸ್ಟಾಕ್ ಇಡಿ. ಇಷ್ಟು ಕೈಚಳಕ ಇರುವ ಮೆಕ್ಯಾನಿಕ್‌ಗಳು ಸಿಕ್ಕಿದ್ದನ್ನು ಹಾಕಿ ಕಳಿಸುವಂತಾಗಬಾರದು.