ಸತ್ಯಾಂಶ: ಮೇದೋಜ್ಜೀರಕದ ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ

"ಮೇದೋಜ್ಜೀರಕ ಗ್ರಂಥಿಯಲ್ಲಿ ಗಡ್ಡೆ ಕಂಡರೆ ಅದು ಕ್ಯಾನ್ಸರೇ, ಸೂಜಿ ಚುಚ್ಚಿಸಿದರೆ ಮೈಯೆಲ್ಲ ಹರಡುತ್ತದೆ" ಎಂಬ ವಾಟ್ಸ್ಆ್ಯಪ್ ಸಂದೇಶದ ಎರಡೂ ಮಾತುಗಳು ಸರಿಯಲ್ಲ. ಅಂಥ ಘನ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರೇ ಎಂಬುದನ್ನು ಮೊದಲೇ ಒಪ್ಪಬೇಕು. ಆದರೆ ಭಾರತದಂತೆ ಕ್ಷಯ ವ್ಯಾಪಕವಾಗಿರುವ ದೇಶದಲ್ಲಿ, ಅಪರೂಪಕ್ಕೊಮ್ಮೆ, ಕ್ಷಯದ ಸೋಂಕೇ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆಯ ರೂಪ ತಾಳಿ, ಪಿತ್ತನಾಳವನ್ನು ಒತ್ತಿ ಕಾಮಾಲೆ ತರುತ್ತದೆ. ಹೊಟ್ಟೆನೋವು, ತೂಕ ಇಳಿಕೆ ಎರಡರಲ್ಲೂ ಉಂಟು. ಸಿ.ಟಿ. ಸ್ಕ್ಯಾನ್‌ನಲ್ಲಿ ಎರಡೂ ಒಂದೇ ಬಗೆಯಾಗಿ ಕಾಣಬಹುದು. ಕ್ಯಾನ್ಸರಿನ ಸುಳಿವಿಗಾಗಿ ನೋಡುವ ಸಿಎ 19-9 ಎಂಬ ರಕ್ತಪರೀಕ್ಷೆಯ ಅಂಕಿಯೂ ಪಿತ್ತನಾಳ ಕಟ್ಟಿಕೊಂಡ ಮಾತ್ರಕ್ಕೆ ಏರಬಲ್ಲದು. ಹೀಗಾಗಿ ದೊಡ್ಡ ಶಸ್ತ್ರಚಿಕಿತ್ಸೆ ಮುಗಿದ ಮೇಲಷ್ಟೇ ಕ್ಷಯವೆಂದು ತಿಳಿದುಬಂದ ಪ್ರಕರಣಗಳೂ ದಾಖಲಾಗಿವೆ.

ಸಂದೇಹ ಬಿಡಿಸುವುದು, ಸಂದೇಶ ಹೆದರಿಸುವ ಆ ಸೂಜಿಯೇ: ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯ ಮೂಲಕ ಇಳಿಸುವ, ತುದಿಯಲ್ಲಿ ಸ್ಕ್ಯಾನ್ ಸಾಧನವಿರುವ ಕೊಳವೆ) ನೆರವಿನಿಂದ ಜಠರದ ಅಥವಾ ಸಣ್ಣ ಕರುಳಿನ ಗೋಡೆಯ ಮೂಲಕ ತೆಗೆದ ಮಾದರಿಯಲ್ಲಿ ಕ್ಷಯದ ಬ್ಯಾಕ್ಟೀರಿಯಾ ಖಚಿತವಾದರೆ, ಚಿಕಿತ್ಸೆಗೆ ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲದ ಮಾತ್ರೆಗಳೇ ಸಾಕಾಗುತ್ತವೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಹರಡಿದ ನಿದರ್ಶನಗಳು ಇಲ್ಲವೆಂದಲ್ಲ, ತೀರ ವಿರಳ. ಇನ್ನು ಮಾದರಿಯಲ್ಲಿ ಏನೂ ಸಿಗದಿದ್ದರೆ ಕ್ಯಾನ್ಸರ್ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಪರೀಕ್ಷೆ ಮತ್ತೊಮ್ಮೆ ಬೇಕಾಗಬಹುದು.