ಸತ್ಯಾಂಶ: ಮೀನು ತೇಲಿದ ಕೆರೆಗೆಲ್ಲ ವಿಷ ಬಿದ್ದಿರುವುದಿಲ್ಲ

‘ಕೆರೀಗೆ ಯಾರೋ ವಿಷ ಹಾಕ್ಯಾರ, ಮೀನೆಲ್ಲಾ ಸತ್ತಾವ’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸ್ಯಾಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತದೆ. ಹೆಚ್ಚಿನ ಸಲ ಕಾರಣ, ನೀರಿನಲ್ಲಿ ಆಮ್ಲಜನಕ ಸಾಲದೆ ಆಗುವ ಉಸಿರುಗಟ್ಟುವಿಕೆ.

ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ; ರಾತ್ರಿ ಅದೇ ಪಾಚಿಯೂ ಅದನ್ನು ಬಳಸುತ್ತದೆ. ಮೋಡ ಕವಿದರೆ ಉತ್ಪಾದನೆ ಇಳಿಯುತ್ತದೆ. ಮೊದಲ ಮಳೆ ಚರಂಡಿಯ ಕೊಳೆ ತಂದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಉಳಿದದ್ದನ್ನೂ ಹೀರುತ್ತವೆ. ಹುಬ್ಬಳ್ಳಿಯ ಉಣಕಲ್‌ನಂತೆ ಅಂತರಗಂಗೆ (ನೀರ ಮೇಲೆ ತೇಲುವ ಕಳೆ) ಹಬ್ಬುವ ಕೆರೆಗಳಲ್ಲಿ ಅಪಾಯ ಹೆಚ್ಚು. ಲೀಟರ್ ನೀರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಕಾಟ್ಲಾ, ರೋಹು ಮೀನುಗಳು ಆರಾಮ. 2ಕ್ಕಿಂತ ಇಳಿದರೆ ಮೇಲೆ ಬಂದು ಬಾಯಿ ತೆರೆಯುತ್ತವೆ.

ಬೆಳಗಿನ ಜಾವ ದೊಡ್ಡ ಮೀನುಗಳು ಮೊದಲು ಸತ್ತು, ಗಾಳಿ ಉಸಿರಾಡುವ ಕೊರವ ಮೀನು ಬದುಕಿದ್ದರೆ ಅನುಮಾನ ಆಮ್ಲಜನಕದ ಮೇಲೇ. ಮೀನುಮರಿ, ಕಪ್ಪೆ, ನೀರಹುಳು ಒಟ್ಟಿಗೆ ಸತ್ತಿದ್ದರೆ ವಿಷದ ಶಂಕೆ ಬಲವಾಗುತ್ತದೆ. ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುಂಚೆ ಕೆರೆಯಲ್ಲೇ ಅಳೆಯಬೇಕು; ಮಧ್ಯಾಹ್ನದ ಅಳತೆ ‘ಎಲ್ಲಾ ಸರಿ’ ಎಂದು ಮೋಸ ಮಾಡುತ್ತದೆ. ಕಾರಣ ಯಾವುದಾದರೂ, ತೇಲಿದ ಮೀನು ತಿನ್ನಬೇಡಿ.